ಮೂವರಿಗಷ್ಟೇ ಗೊತ್ತಿದ್ದ ಆಮಂತ್ರಣ ಪತ್ರಿಕೆ

ಸಣ್ಣ ಕಾಲೇಜಿನ ಸಾಂಸ್ಕೃತಿಕ ಸಮಿತಿಗೆ ಸಂಚಾಲಕರಾಗಿ ಎಂದು ಯಾರಾದರೂ ನಗುನಗುತ್ತಾ ಕೇಳಿದರೆ, ಮೊದಲು ಆ ನಗುವನ್ನು ಅನುಮಾನಿಸಿ. ನನ್ನನ್ನು ಕೇಳಿದಾಗ ನಾನು ಅನುಮಾನಿಸಲಿಲ್ಲ. ಒಂದು ವರ್ಷದ ಮಟ್ಟಿಗೆ ಅಂದಿದ್ದರು, ಹತ್ತೊಂಬತ್ತು ವರ್ಷ ಮಾಡಿದೆ. ಶಿವಮೊಗ್ಗದ ಸವಳಂಗ ರಸ್ತೆಯಿಂದ ಒಳಕ್ಕೆ ತಿರುಗಿದರೆ ಸಿಗುವ ಒಂದು ಖಾಸಗಿ ಪದವಿ ಕಾಲೇಜು ನಮ್ಮದು. ನಾನು ಇತಿಹಾಸದ ಅಧ್ಯಾಪಕ, ಹೆಸರು ಹಾಲೇಶಪ್ಪ. ನನ್ನ ಇತಿಹಾಸದ ಪಾಠ ಯಾರಿಗೂ ನೆನಪಿಲ್ಲ. ಮೈಕಿನ ಮುಂದೆ ನಿಂತು "ಎಲ್ಲರೂ ಮುಂದೆ ಬನ್ನಿ, ಮುಂದಿನ ಕುರ್ಚಿಗಳು ಖಾಲಿ ಇವೆ" ಎಂದು ಕೂಗುತ್ತಿದ್ದುದು ಮಾತ್ರ ಹಳೆಯ ವಿದ್ಯಾರ್ಥಿಗಳಿಗೆಲ್ಲ ನೆನಪಿದೆ.

ನಿವೃತ್ತಿಯಾಗಿ ಮೂರು ವರ್ಷವಾಯಿತು. ಹೊಸದಾಗಿ ಈ ಹೊರೆ ಹೊತ್ತ ತರುಣ ಅಧ್ಯಾಪಕರು ಈಗಲೂ ಫೋನ್ ಮಾಡಿ "ಸಾರ್, ಏನಾದ್ರೂ ಟಿಪ್ಸ್ ಕೊಡಿ" ಅನ್ನುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬಡ್ತಿ, ಸನ್ಮಾನಗಳ ಸುದ್ದಿ ಇದರಲ್ಲಿಲ್ಲ. ಸಿಕ್ಕಿದ್ದೂ ಅಷ್ಟಕ್ಕಷ್ಟೇ.

ಮೊದಲನೆಯದಾಗಿ 'ಸಾರ್ವಜನಿಕ ಉಪನ್ಯಾಸ' ಎಂಬ ಹೆಸರನ್ನೇ ನಂಬಬೇಡಿ. ಅದರಲ್ಲಿ ಉಪನ್ಯಾಸ ಇರುತ್ತದೆ, ಸಾರ್ವಜನಿಕರು ಇರುವುದಿಲ್ಲ. ಎರಡು ತರಗತಿಗಳ ನಡುವಿನ ತಟ್ಟಿ ಸರಿಸಿದರೆ ಅದೇ ನಮ್ಮ ಸಭಾಂಗಣ. ಅದನ್ನು ತುಂಬಿಸಲು ನನ್ನದೊಂದು ಪದ್ಧತಿ ಇತ್ತು. ಒಳಗೆ ಬರುವಾಗ ಬಾಗಿಲಲ್ಲಿ ಮಕ್ಕಳ ಐಡಿ ಕಾರ್ಡ್ ಇಸಿದುಕೊಳ್ಳುವುದು, ವಂದನಾರ್ಪಣೆ ಮುಗಿದ ಮೇಲೆ ವಾಪಸ್ ಕೊಡುವುದು. ಕಾರ್ಡಿಲ್ಲದೆ ಗೇಟಿನಿಂದ ಆಚೆಗೆ ಬಿಡುತ್ತಿರಲಿಲ್ಲ. ಹೀಗಾಗಿ ಹಸಿವಾದರೂ ನಿದ್ದೆ ಬಂದರೂ ಮಕ್ಕಳು ಕೂತಿರುತ್ತಿದ್ದರು. ಬಂದ ಭಾಷಣಕಾರರು ನಮ್ಮ ವಿದ್ಯಾರ್ಥಿಗಳ ಜ್ಞಾನದಾಹವನ್ನು ಹೊಗಳಿ ಹೋಗುತ್ತಿದ್ದರು.

ಒಂದು ಸಲ ಕೊನೆಯ ಸಾಲಿನಲ್ಲಿ ಒಬ್ಬ ಅಪರಿಚಿತರು ಬಂದು ಕೂತರು. ಬಿಳಿ ಅಂಗಿ, ತೊಡೆಯ ಮೇಲೆ ಫೈಲು. ಆ ತಿಂಗಳು ವಿಶ್ವವಿದ್ಯಾಲಯದಿಂದ ತಪಾಸಣೆಗೆ ಯಾರೋ ಹೇಳದೆ ಕೇಳದೆ ಬರುತ್ತಾರೆ ಎಂಬ ಗಾಳಿಸುದ್ದಿ ಹಬ್ಬಿತ್ತು. ಇವರೇ ಅವರು ಎಂದು ನನ್ನ ಮೂಗಿಗೆ ವಾಸನೆ ಬಡಿಯಿತು. ಕೈಹಿಡಿದು ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದೆ. ಅತಿಥಿಗಳಿಗೆಂದು ತರಿಸಿದ್ದ ಕಾಫಿ, ಬಿಸ್ಕತ್ತು ಕೊಟ್ಟೆ. ಭಾಷಣಕಾರರಿಗೆ ಚೀಟಿ ಬರೆದು, ನಮ್ಮ ಗ್ರಂಥಾಲಯದ ಬಗ್ಗೆ ನಾಲ್ಕು ಒಳ್ಳೆಯ ಮಾತು ಸೇರಿಸಲು ಹೇಳಿದೆ. ಎಲ್ಲ ಮುಗಿದ ಮೇಲೆ ಕೈಮುಗಿದು, "ರಿಪೋರ್ಟು ಯಾವಾಗ ಕೊಡ್ತೀರಿ ಸಾರ್?" ಎಂದೆ.

"ಯಾವ ರಿಪೋರ್ಟು? ನಾನು ಮಗಳ ಟೀಸಿ ತಗೊಂಡು ಹೋಗಕ್ಕೆ ಬಂದಿದ್ದು. ಆಫೀಸಿನೋರು ಊಟಕ್ಕೆ ಹೋಗಿದ್ರು, ಇಲ್ಲಿ ಫ್ಯಾನ್ ತಿರುಗ್ತಿತ್ತು, ಕೂತೆ" ಎಂದರು ಅವರು.

ಹತ್ತೊಂಬತ್ತು ವರ್ಷದಲ್ಲಿ ತಾನಾಗಿ ಬಂದು ಕೂತ ಸಾರ್ವಜನಿಕರು ಬಹುಶಃ ಅವರೊಬ್ಬರೇ. ಅವರು ಬಂದದ್ದೂ ಮಗಳನ್ನು ನಮ್ಮ ಕಾಲೇಜು ಬಿಡಿಸಿಕೊಂಡು ಹೋಗಲು.

ಅನುಮಾನ ನನಗೆ ಹುಟ್ಟಿನಿಂದ ಬಂದದ್ದಲ್ಲ. ನಮ್ಮ ಪ್ರಾಂಶುಪಾಲರು ಕಲಿಸಿದ್ದು. ಅವರು ಬಾಟನಿಯವರು. ಹೂವನ್ನೂ ಮೊದಲು ಬಿಡಿಸಿ ನೋಡಿ ಆಮೇಲೆ ಮೂಸುವ ಜಾತಿ. "ಹಾಲೇಶಪ್ಪ, ಐದೇ ನಿಮಿಷ ಮಾತಾಡ್ತೀನಿ ಅನ್ನೋರ ಎದುರಿಗೆ ಗಡಿಯಾರ ಹಾಕ್ಸು. ಹಾರ ಬೇಡ ಅನ್ನೋರಿಗೆ ದೊಡ್ಡ ಹಾರ ತರ್ಸು. ನನಗೆ ಹೆಸರು ಮುಖ್ಯ ಅಲ್ಲ ಅನ್ನೋರ ಹೆಸರನ್ನ ಎರಡು ಸಲ ಓದಿ ನೋಡು" ಎಂದು ಹೇಳಿಕೊಟ್ಟಿದ್ದರು. ಮೂರೂ ಮಾತು ಒಂದು ಸಲವೂ ಸುಳ್ಳಾಗಲಿಲ್ಲ. ಹೀಗೆ ನಿಜವಾಗುತ್ತ ಹೋದಂತೆ ಅನುಮಾನವೇ ನನಗೊಂದು ವಿದ್ಯೆ ಅನ್ನಿಸಿಬಿಟ್ಟಿತು. ನನ್ನ ಹೆಂಡತಿ ಮಾತ್ರ "ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ" ಅನ್ನುತ್ತಿದ್ದಳು. ಅವಳು ಯಾರ ಪರವಾಗಿ ಹಾಗೆ ಹೇಳುತ್ತಿದ್ದಾಳೆ ಎಂದು ನಾನು ಅದನ್ನೂ ಯೋಚಿಸುತ್ತಿದ್ದೆ.

ಇನ್ನು ಆಮಂತ್ರಣ ಪತ್ರಿಕೆಯ ವಿಷಯ. ಹೊರಗಿನವರಿಗೆ ಇದು ಅರ್ಥವಾಗುವುದು ಕಷ್ಟ. ನಮ್ಮ ಕಡೆ ಕಾರ್ಯಕ್ರಮ ಅರ್ಧ ನಡೆಯುವುದು ಆ ಕಾರ್ಡಿನ ಮೇಲೆಯೇ. ಉದ್ಘಾಟನೆ ಯಾರು, ಅಧ್ಯಕ್ಷತೆ ಯಾರು, ಮುಖ್ಯ ಅತಿಥಿ ಯಾರು, ಯಾರ ಹೆಸರು ಯಾರ ಹೆಸರಿನ ಮೇಲೆ, ಯಾರ ಫೋಟೊ ಎಷ್ಟು ದೊಡ್ಡದು, ಎಲ್ಲವನ್ನೂ ಜನ ಕೂತು ಲೆಕ್ಕ ಹಾಕುತ್ತಾರೆ. ಇದ್ಯಾವುದರಲ್ಲೂ ಹಿಡಿಸದವರಿಗೆ 'ಉಪಸ್ಥಿತಿ' ಎಂಬ ತಲೆಬರಹ. ಅದರಿಂದಲೂ ಮುನಿಸು ಇಳಿಯದಿದ್ದರೆ 'ಘನ ಉಪಸ್ಥಿತಿ'. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವಂತೆ ಕಾರ್ಡು ಹೊಂದಿಸುವುದರಲ್ಲಿ ನನಗೆ ಸರಿಸಾಟಿ ಇಲ್ಲ ಎಂದು ನನ್ನ ನಂಬಿಕೆ. ಸ್ಕೇಲು ಹಿಡಿದು ಫೋಟೊ ಅಳೆಯುತ್ತಿದ್ದೆ. ಬೇರೆ ಕಾಲೇಜಿನ ಕಾರ್ಡು ಕೈಗೆ ಬಂದರೆ ತಪ್ಪು ಹುಡುಕಿ ಕೆಂಪು ಗೆರೆ ಎಳೆಯುತ್ತಿದ್ದೆ.

ಕಾರ್ಡು ಹಂಚುವವರೆಗೆ ಅದರಲ್ಲಿ ಯಾರಿದ್ದಾರೆ ಎಂಬುದು ಗುಟ್ಟಾಗಿರಬೇಕು. ಮೊದಲೇ ಗೊತ್ತಾದರೆ ಬದಲಾಯಿಸಿ ಎಂದು ಒತ್ತಡ ಬರುತ್ತದೆ. ಹಂಚಿದ ಮೇಲೆ ಗೊತ್ತಾದರೆ ಬೈದು ಸುಮ್ಮನಾಗುತ್ತಾರೆ. ಆದ್ದರಿಂದ ಕಾರ್ಡಿನ ಕರಡು ಮೂವರಿಗೆ ಮಾತ್ರ ಗೊತ್ತಿರುತ್ತಿತ್ತು. ಪ್ರಾಂಶುಪಾಲರು, ನಾನು, ಮತ್ತೆ ಸಮಿತಿಯ ಬರವಣಿಗೆ ನೋಡಿಕೊಳ್ಳುತ್ತಿದ್ದ ಶೈಲಜಾ.

ಶೈಲಜಾ ನಮ್ಮಲ್ಲಿ ಕನ್ನಡ ಕಲಿಸುತ್ತಿದ್ದ ಅತಿಥಿ ಅಧ್ಯಾಪಕಿ. ಭದ್ರಾವತಿಯ ಓಲ್ಡ್ ಟೌನಿನವರು, ದಿನವೂ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಅತಿಥಿ ಅಧ್ಯಾಪಕರೆಂದರೆ ಹತ್ತು ತಿಂಗಳ ಕೆಲಸ. ಪ್ರತಿ ಜೂನಿನಲ್ಲಿ ಆಡಳಿತ ಮಂಡಳಿ ಹೊಸ ಪಟ್ಟಿ ಮಾಡುತ್ತದೆ, ಹೆಸರಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಹಾಗೆ ಆರು ಸಲ ಹೆಸರು ಬಂದಿತ್ತು. ಮನೆಯಲ್ಲಿ ತಾಯಿ ಮತ್ತು ಮೂರನೆಯ ತರಗತಿಯ ಮಗಳು, ದುಡಿಯುವವರು ಇವರೊಬ್ಬರೇ. ನಾನು ಹೇಳಲಿರುವ ವರ್ಷ ಆಡಳಿತ ಮಂಡಳಿ ಕನ್ನಡದ ಒಂದು ಹುದ್ದೆಯನ್ನು ಖಾಯಂ ಮಾಡುವುದಿತ್ತು. ಅದು ಶೈಲಜಾಗೇ ಎಂದು ಜವಾನರಿಂದ ಹಿಡಿದು ಎಲ್ಲರೂ ಮಾತಾಡಿಕೊಳ್ಳುತ್ತಿದ್ದರು.

ಅವರ ಯೋಗ್ಯತೆಗೆ ಒಂದೇ ಉದಾಹರಣೆ ಸಾಕು. ಒಂದು ದಿನ ಸಮಿತಿಯ ಸಭೆಯಲ್ಲಿ, "ಸಾರ್, ಯಾವಾಗ್ಲೂ ಡಾಕ್ಟರೇಟ್ ಆದೋರನ್ನೇ ಕರೀತೀವಿ. ನಮ್ಮೂರಲ್ಲಿ ಫೌಂಡ್ರಿ ಕೆಲಸ ಮಾಡಿ ರಿಟೈರ್ ಆದೋರೊಬ್ರು ಇದಾರೆ. ಅವರನ್ನ ಕರೆಯೋಣ" ಎಂದರು. ಕಾರ್ಖಾನೆಯ ಕೆಲಸಗಾರ ಕಾಲೇಜಿನಲ್ಲಿ ಏನು ಉಪನ್ಯಾಸ ಕೊಟ್ಟಾನು ಎಂದು ನಾನು ಒಪ್ಪಲಿಲ್ಲ. ಅವರ ಬಂಧುವೇ ಇರಬೇಕು ಎಂಬ ಅನುಮಾನವೂ ಇತ್ತು. ವಿಚಾರಿಸಿದರೆ ಬಂಧುವಲ್ಲ, ತಮಿಳು ಮನೆಮಾತಿನ ನೆರೆಯವರು. ಬೇರೆ ಭಾಷಣಕಾರರು ಕೈಕೊಟ್ಟಿದ್ದರಿಂದ ಕೊನೆಗೆ ಒಪ್ಪಿದೆ.

ಆ ಮನುಷ್ಯ ಬಟ್ಟೆಯ ಚೀಲದಲ್ಲಿ ಕಪ್ಪು ಮರಳು ತಂದಿದ್ದರು. ವೇದಿಕೆಯ ಮೇಜಿನ ಮೇಲೆ ಸುರಿದರು. ನಾನು ಹಾಸಿದ್ದ ಬಿಳಿ ಮೇಜುಬಟ್ಟೆ ಹಾಳಾಯಿತು. "ನೋಡಿ ಮಕ್ಳೇ, ಮರಳನ್ನ ಮುಷ್ಟಿ ಕಟ್ಟಿ ಬಿಡ್ಬೇಕು. ಉದುರ್ತಾ, ಆಗಲ್ಲ. ಕೈಗೆ ಅಂಟ್ತಾ, ಅದೂ ಆಗಲ್ಲ. ಉಂಡೆ ನಿಲ್ಬೇಕು. ಮುರಿದ್ರೆ ನೀಟಾಗಿ ಎರಡು ತುಂಡಾಗ್ಬೇಕು. ಅಂಥಾ ಮರಳಲ್ಲೇ ಕಬ್ಬಿಣ ಹುಯ್ಯೋದು. ನಮ್ಮ ಮೇಸ್ತ್ರಿ ಇದನ್ನ ಬಾಯಲ್ಲಿ ಹೇಳ್ಳಿಲ್ಲ ಕಣ್ರಪ್ಪ, ಮೂರು ತಿಂಗಳು ನನ್ನ ಕೈ ಹಿಡ್ಕೊಂಡು ಹಿಚುಕಿದ್ರು" ಎಂದರು. ಆಮೇಲೆ ಒಬ್ಬೊಬ್ಬರನ್ನೇ ಕರೆದು ಮುಷ್ಟಿ ಕಟ್ಟಿಸಿದರು. ಗಂಟೆ ಹೊಡೆಯಿತು, ಒಬ್ಬರೂ ಏಳಲಿಲ್ಲ. ಯಾರೋ ಬಾಗಿಲಿಗೆ ಚಿಲಕ ಹಾಕಿರಬೇಕೆಂದು ನಾನು ಎದ್ದು ಹೋಗಿ ನೋಡಿದೆ. ಬಾಗಿಲು ತೆರೆದೇ ಇತ್ತು. ಅವತ್ತು ಐಡಿ ಕಾರ್ಡು ಇಸಿದುಕೊಳ್ಳುವುದನ್ನೂ ನಾವು ಮರೆತಿದ್ದೆವು. ನನಗೆ ಸಂತೋಷವಾಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಎರಡೂ ನಿಜ.

ಅದೇ ವರ್ಷ ಗುಟ್ಟು ಸೋರಲು ಶುರುವಾಯಿತು. ಆಡಳಿತ ಮಂಡಳಿಯಲ್ಲಿ ಒಬ್ಬ ನಿರ್ದೇಶಕರಿದ್ದರು, ಅಡಿಕೆ ಮಂಡಿ ಇಟ್ಟಿದ್ದವರು. ನಾವೆಲ್ಲ ಮಂಡಿ ಯಜಮಾನರು ಅನ್ನುತ್ತಿದ್ದೆವು. ನಾವು ಏರ್ಪಡಿಸಿದ್ದ ಒಂದು ಗಮಕ ವಾಚನದ ಕಾರ್ಡಿನಲ್ಲಿ ಅವರ ಹೆಸರನ್ನು 'ಉಪಸ್ಥಿತಿ'ಗೆ ಹಾಕಿದ್ದೆ. ಕಾರ್ಡು ಇನ್ನೂ ಅಚ್ಚಾಗಿರಲಿಲ್ಲ. ಅಷ್ಟರಲ್ಲೇ ಅವರು ಪ್ರಾಂಶುಪಾಲರಿಗೆ ಫೋನ್ ಮಾಡಿ, "ನನ್ನ ಹೆಸರು ಕೆಳಗೆಲ್ಲೋ ಹಾಕಿದೀರಂತಲ್ಲ, ನಾನೇನು ಪೆಂಡಾಲ್ ಕಟ್ಟೋನಾ?" ಎಂದರು. ಅವರ ಹೆಸರನ್ನು ಮೇಲಕ್ಕೆ ತಂದೆವು. ಜಾಗ ಸಾಲದೆ ಗಮಕಿಯ ಹೆಸರು ಸಣ್ಣ ಅಕ್ಷರಕ್ಕಿಳಿಯಿತು. ಎರಡನೆಯ ಸಲ, ನಗರದ ಸುತ್ತಲಿನ ಹಳೆಯ ಕೆರೆಗಳ ಬಗ್ಗೆ ಒಂದು ಉಪನ್ಯಾಸ. ಅದರ ಕಾರ್ಡೂ ಅಚ್ಚಿಗೆ ಹೋಗುವ ಮೊದಲೇ ಯಜಮಾನರ ಫೋನ್ ಬಂತು. "ಕೆರೆ ಜಾಗದ ಸುದ್ದಿ ಕಾಲೇಜಲ್ಲಿ ಯಾಕೆ? ಬೇಡ." ಉಪನ್ಯಾಸವೇ ರದ್ದಾಯಿತು. ಆ ಭಾಷಣಕಾರರಿಗೆ ಯಾವ ಕಾರಣ ಹೇಳಿದೆನೆಂದು ಈಗ ನೆನೆದರೂ ಮುಖ ಕೆಂಪಾಗುತ್ತದೆ.

ಮೂವರಿಗೆ ಗೊತ್ತಿದ್ದ ಸುದ್ದಿ. ನಾನು ಹೇಳಿಲ್ಲ. ಬೈಸಿಕೊಳ್ಳುವವರೇ ಪ್ರಾಂಶುಪಾಲರು, ಅವರು ಹೇಳುವುದಿಲ್ಲ. ಉಳಿದವರು ಯಾರು? ಲೆಕ್ಕ ಇಷ್ಟು ಸರಳವಾಗಿದ್ದರೆ ಮನುಷ್ಯ ಎರಡನೆಯ ಸಲ ಕೂಡಿ ನೋಡುವುದಿಲ್ಲ.

ಶೈಲಜಾರ ಮೇಲೆ ಕಣ್ಣಿಟ್ಟೆ. ಸಭೆ ಮುಗಿದ ಕೂಡಲೇ ಅವರು ಕಾರಿಡಾರಿನ ತುದಿಗೆ ಹೋಗಿ ಕೆಳದನಿಯಲ್ಲಿ ಫೋನ್ ಮಾಡುತ್ತಿದ್ದರು. ನಾನು ಹತ್ತಿರ ಹೋದರೆ ಬೇಗ ಇಟ್ಟುಬಿಡುತ್ತಿದ್ದರು. ಖಾಯಂ ಹುದ್ದೆ ಬೇಕಾದವರಿಗೆ ನಿರ್ದೇಶಕರ ಕೃಪೆ ಬೇಡವೇ ಎಂದು ನನ್ನೊಳಗೇ ವಾದ ಹೂಡಿದೆ. ಇನ್ನೊಂದು ವಿಷಯವೂ ಇತ್ತು. ಒಂದು ದಿನ ಅವರು, "ಸಾರ್, ಪ್ರತಿ ಸಲ ಪ್ರೆಸ್‌ಗೆ ಹೋಗಿ ಪ್ರೂಫ್ ಯಾಕೆ ತರ್ತೀರಿ? ವಾಟ್ಸಾಪಲ್ಲಿ ಪಿಡಿಎಫ್ ತರಿಸಿಕೊಂಡ್ರೆ ಆಯ್ತಲ್ಲ" ಎಂದಿದ್ದರು. ಹೋ, ಇದು ಸುಲಭವಾಗಿ ಮುಂದಕ್ಕೆ ದಾಟಿಸುವ ಉಪಾಯ ಎಂದುಕೊಂಡೆ. "ವಾಟ್ಸಾಪ್ ಅಂದ್ರೆ ಸಂತೆ ಮೇಡಂ. ಕಾಗದ ಆದ್ರೆ ಜೇಬಲ್ಲಿರುತ್ತೆ" ಎಂದು ಬುದ್ಧಿ ಹೇಳಿದೆ. ಪ್ರೆಸ್ಸಿನ ನಾಗರಾಜ ನನಗೆ ಹದಿನೈದು ವರ್ಷದ ಪರಿಚಯ. ಅವನ ಅಂಗಡಿಯಲ್ಲಿ ಕೂತು, ಕಂಪ್ಯೂಟರಿನಲ್ಲಿ ಅಕ್ಷರ ಅತ್ತಿತ್ತ ಸರಿಸಿಸಿ, ಕಾಗದದ ಮೇಲೆ ಪ್ರೂಫ್ ತೆಗೆಸಿ, ಮಡಿಸಿ ಜೇಬಿಗಿಟ್ಟುಕೊಂಡು ಬರುವುದು ನನ್ನ ಕ್ರಮ.

ಕೊನೆಗೆ ಒಂದು ಬಲೆ ಹೆಣೆದೆ. ನಾಟಕೋತ್ಸವಕ್ಕೆ ಒಂದು ಸುಳ್ಳು ಕಾರ್ಡು ಬರೆದೆ. ಅದರಲ್ಲಿ ಮಂಡಿ ಯಜಮಾನರ ಹೆಸರೇ ಇಲ್ಲ. ಅವರಿಗೆ ಕಂಡರಾಗದ ಇನ್ನೊಬ್ಬ ವ್ಯಾಪಾರಿ ಮುಖ್ಯ ಅತಿಥಿ. ಪ್ರಾಂಶುಪಾಲರಿಗೂ ಹೇಳಲಿಲ್ಲ. ಬರೀ ಕೈಬರಹದಲ್ಲಿದ್ದರೆ ಶೈಲಜಾಗೆ ಸಂಶಯ ಬಂದೀತೆಂದು ನಾಗರಾಜನ ಹತ್ತಿರ ಹೋಗಿ ಚೆಂದವಾಗಿ ಹೊಂದಿಸಿ ಪ್ರೂಫ್ ತೆಗೆಸಿಕೊಂಡು ಬಂದೆ. ಮಧ್ಯಾಹ್ನ ಶೈಲಜಾ ಒಬ್ಬರಿಗೇ ಅದನ್ನು ತೋರಿಸಿ, ಕಾಗುಣಿತ ನೋಡಿ ಎಂದೆ. ಅವರು ನೋಡಿ, "ಯಜಮಾನರ ಹೆಸರು ಬಿಟ್ಟೋಗಿದೆ ಸಾರ್, ಗಲಾಟೆ ಆಗಲ್ವಾ?" ಎಂದರು. "ಬೇಕಂತಲೇ ಬಿಟ್ಟಿದೀನಿ, ಯಾರಿಗೂ ಹೇಳ್ಬೇಡಿ" ಎಂದೆ. ಮಾರನೆಯ ದಿನ ಹನ್ನೊಂದು ಗಂಟೆಗೆಲ್ಲ ಪ್ರಾಂಶುಪಾಲರ ಕೋಣೆಯಿಂದ ಕರೆ ಬಂತು. ಯಜಮಾನರು ಫೋನಿನಲ್ಲಿ ಕೆಂಡ ಕಾರಿದ್ದರಂತೆ. ಬೈಗುಳದ ಚಿಂತೆ ಬಿಟ್ಟು ನಾನು ಒಳಗೊಳಗೇ ಹಿಗ್ಗಿದೆ. ಕಳ್ಳ ಸಿಕ್ಕಿಬಿದ್ದಾಗ ಪೊಲೀಸಿಗೆ ಆಗುವ ಸಂತೋಷ ಅದು.

ಶೈಲಜಾರನ್ನು ಕೋಣೆಯೊಳಗೆ ಕರೆದು ಕೇಳಬಹುದಿತ್ತು. ನಾನು ಹಾಗೆ ಮಾಡಲಿಲ್ಲ. ಊಟದ ಹೊತ್ತಿನಲ್ಲಿ ಸ್ಟಾಫ್ ರೂಮಿನಲ್ಲಿ ಎಲ್ಲರೂ ಡಬ್ಬಿ ಬಿಚ್ಚಿಕೊಂಡು ಕೂತಿದ್ದಾಗ, ಪ್ರೂಫನ್ನು ಅವರ ಡಬ್ಬಿಯ ಪಕ್ಕದಲ್ಲಿಟ್ಟೆ.

"ಇದನ್ನ ನಿಮಗೊಬ್ಬರಿಗೇ ತೋರಿಸಿದ್ದೆ. ಯಜಮಾನರಿಗೆ ಹೇಗೆ ಗೊತ್ತಾಯ್ತು ಮೇಡಂ?"

"ನಾನು ಯಾರಿಗೂ ಹೇಳಿಲ್ಲ ಸಾರ್."

"ಗಮಕದ್ದೂ ಹೇಳ್ಳಿಲ್ಲ, ಕೆರೆದ್ದೂ ಹೇಳ್ಳಿಲ್ಲ?"

"ಇಲ್ಲ ಸಾರ್. ಇದನ್ನ ಬೇರೆ ಯಾರೂ ನೋಡಿಲ್ವಾ? ನೆನಪು ಮಾಡ್ಕೊಳ್ಳಿ."

"ಹಾಗಾದ್ರೆ ನಾನೇ ಹೋಗಿ ಹೇಳಿದ್ನಾ?" ಎಂದು ಗದರಿದೆ.

ಅವರ ಕೈ ತುತ್ತಿನ ಮೇಲೇ ನಿಂತಿತ್ತು. ಅಳಲಿಲ್ಲ. ಅಳಲಿಲ್ಲವಾದ್ದರಿಂದ ತಪ್ಪು ಅವರದೇ ಎಂದು ನನಗೆ ಇನ್ನೂ ಖಾತ್ರಿಯಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಇರುತ್ತಾರಲ್ಲ, ಹಾಗೆ ಸುತ್ತ ಕೂತಿದ್ದವರಲ್ಲಿ ಒಬ್ಬಿಬ್ಬರು ತಮ್ಮ ಫೋನನ್ನು ಮಗುಚಿಟ್ಟರು. ಶೈಲಜಾ ಡಬ್ಬಿ ಮುಚ್ಚಿಕೊಂಡು ಎದ್ದು ಕ್ಲಾಸಿಗೆ ಹೋದರು. ಆ ಜೂನಿನ ಪಟ್ಟಿಯಲ್ಲಿ ಅವರ ಹೆಸರು ಬರಲಿಲ್ಲ. ಪ್ರಾಂಶುಪಾಲರು ನನ್ನ ಅಭಿಪ್ರಾಯ ಕೇಳಿದ್ದರು. "ನಂಬೋ ಹಾಗಿಲ್ಲ ಸಾರ್" ಎಂದು ನಾನೇ ಹೇಳಿದ್ದೆ. ಖಾಯಂ ಹುದ್ದೆಗೆ ಬೇರೆ ಯಾರೋ ಬಂದರು, ಒಂದೇ ವರ್ಷದಲ್ಲಿ ಬಿಟ್ಟೂ ಹೋದರು.

ಅಷ್ಟಕ್ಕೂ ಶೈಲಜಾ ಹೋದ ಮೇಲೆ ಸೋರುವುದು ನಿಲ್ಲಬೇಕಿತ್ತು. ನಿಲ್ಲಲಿಲ್ಲ. ನಾನು ನಿವೃತ್ತಿಯಾಗುವವರೆಗೂ ಒಂದೆರಡು ಸಲ ಅದೇ ರೀತಿ ಫೋನ್ ಬಂತು. ಆಗ ನನಗೆ ಬುದ್ಧಿ ಬರಬೇಕಿತ್ತಲ್ಲವೇ? ಬರಲಿಲ್ಲ. ಅವರು ಹೋಗುವಾಗ ಇನ್ಯಾರಿಗೋ ಹೇಳಿಕೊಟ್ಟು ಹೋಗಿದ್ದಾರೆ ಎಂದುಕೊಂಡೆ. ಅನುಮಾನ ಒಂದು ಸಲ ಬೇರು ಬಿಟ್ಟರೆ ಎಂಥ ಬಂಡೆಯ ಸಂದಿಯಲ್ಲೂ ನೀರು ಹುಡುಕಿಕೊಳ್ಳುತ್ತದೆ.

ಈ ಕೆಲಸದ ರೀತಿಯೂ ಆ ವರ್ಷಗಳಲ್ಲಿ ಬದಲಾಯಿತು. ನೀವು ಈಗ ನೋಡುತ್ತಿರುವುದು ಅದನ್ನೇ. ಮೊದಲು ಕಾರ್ಯಕ್ರಮ ಮಾಡಿ ಫೋಟೊ ತೆಗೆಯುತ್ತಿದ್ದೆವು, ಆಮೇಲೆ ಫೋಟೊಕ್ಕಾಗಿ ಕಾರ್ಯಕ್ರಮ ಮಾಡತೊಡಗಿದೆವು. ಫೋಟೊದ ಮೂಲೆಯಲ್ಲಿ ಜಾಗ, ದಿನ, ಗಂಟೆ ತಾನಾಗಿ ಮೂಡಬೇಕು, ಇಲ್ಲದಿದ್ದರೆ ವರದಿ ಒಪ್ಪುವುದಿಲ್ಲ. ಕೊರೊನಾ ಕಾಲದಲ್ಲಿ ಆನ್‌ಲೈನ್ ಉಪನ್ಯಾಸ ಬಂತು. ಪರದೆಯ ಮೇಲೆ ಎಂಬತ್ತು ಹೆಸರು ಕಾಣುತ್ತಿದ್ದವು. ಪ್ರಶ್ನೆ ಇದ್ದರೆ ಕೇಳಿ ಅಂದರೆ ಎಲ್ಲಿಂದಲೋ ಕುಕ್ಕರ್ ಸೀಟಿ ಮಾತ್ರ ಕೇಳುತ್ತಿತ್ತು. ಆ ಎಂಬತ್ತರಲ್ಲಿ ಮನುಷ್ಯರು ಎಷ್ಟು ಜನ ಎಂದು ನಾನು ಈಗಲೂ ಪ್ರಮಾಣ ಮಾಡಿ ಹೇಳಲಾರೆ.

ನಿವೃತ್ತಿಯಾದ ಎರಡನೆಯ ವರ್ಷ ನನ್ನ ತಮ್ಮ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡ. ಕಾರ್ಡು ಮಾಡಿಸುವ ಕೆಲಸ ಅಣ್ಣನದೇ ಅಲ್ಲವೇ. ನಾಗರಾಜನ ಪ್ರೆಸ್ಸಿಗೆ ಹೋಗಿ ಸ್ಟೂಲಿನ ಮೇಲೆ ಕೂತೆ. ಹಿಂದೆಲ್ಲ ನಾನು ಅವನ ಕಂಪ್ಯೂಟರಿನ ಪಕ್ಕ ಒಳಗಡೆ ಕೂರುತ್ತಿದ್ದೆ, ಗಿರಾಕಿಗಳ ಜಾಗದಲ್ಲಿ ಕೂತದ್ದು ಅದೇ ಮೊದಲು. ಎದುರಿಗೆ ಗೋಡೆ. ಗೋಡೆಯ ತುಂಬ ಪ್ರೂಫುಗಳು. ಮದುವೆಯದು, ಸಂಘದ್ದು, ಬೇರೆ ಬೇರೆ ಕಾಲೇಜಿನವು. ಇನ್ನೂ ಅಚ್ಚಾಗದ, ಪೆನ್ನಿನಲ್ಲಿ ತಿದ್ದಿದ ಪ್ರೂಫುಗಳು. ಬಿಲ್ ಬುಕ್ ಒಯ್ಯಲು ಬಂದವರೊಬ್ಬರು ಅವುಗಳ ಮುಂದೆ ನಿಂತು, ಓದುತ್ತಾ ಫೋನಿನಲ್ಲಿ ಹೇಳುತ್ತಿದ್ದರು: "ನಿಂದು ಮೂರನೇದು ಇದೆ ಮಾರಾಯ. ಅವನದ್ದು ನಿನ್ನ ಮೇಲೆ ಹಾಕಿದಾರೆ."

ಅವರು ಹೋದ ಮೇಲೆ, "ಇದೇನು ನಾಗರಾಜ, ಪ್ರೂಫನ್ನೆಲ್ಲ ಹೀಗೆ ಗೋಡೆಗೆ ಅಂಟ್ಸಿದೀಯ?" ಎಂದೆ.

"ನೀವೇ ಹೇಳಿದ್ದಲ್ವಾ ಸಾರ್!" ಎಂದ ಅವನು, ಹೊಗಳಿಕೆಗೆ ಕಾದವನಂತೆ. "ನಿಮ್ಮ ಕಾರ್ಡು ಹೊಂದಿಸಿದಾಗೆಲ್ಲ, ಒಂದು ಪ್ರತಿ ಅಂಟ್ಸು ಮಾರಾಯ, ನಾಲ್ಕು ಜನ ನೋಡಿ ಕಲೀಲಿ ಅಂತಿದ್ರಿ. ಮೊದಲು ನಿಮ್ದೊಂದೇ ಇತ್ತು. ಜನ ನಿಂತು ಓದೋದು ನೋಡಿ ಎಲ್ಲಾರದ್ದೂ ಅಂಟ್ಸಕ್ಕೆ ಶುರು ಮಾಡ್ದೆ."

ಹೇಳಿದ್ದೆ. ನೆನಪಾಯಿತು. ಎಷ್ಟೋ ಸಲ ಹೇಳಿದ್ದೆ. ಅಚ್ಚಾದ ಕಾರ್ಡನ್ನು ಅಂಟಿಸುತ್ತಾನೆ ಎಂದು ನನ್ನ ತಿಳುವಳಿಕೆ. ಅಚ್ಚಾಗುವ ಮೊದಲಿನ ಪ್ರೂಫನ್ನು ಅಂಟಿಸುತ್ತಿದ್ದಾನೆ ಎಂದು ತಿರುಗಿ ನೋಡಿದವನಲ್ಲ.

"ಮಂಡಿ ಯಜಮಾನರು ಇಲ್ಲಿಗೆ ಬರ್ತಿದ್ರಾ?"

"ಬರ್ತಿದ್ರಾ ಅಂತೀರಲ್ಲ. ಅವರ ಮಂಡಿ ಚೀಟಿ, ಬಿಲ್ ಬುಕ್ ಎಲ್ಲಾ ನಮ್ಮಲ್ಲೇ. ಇದೇ ಸ್ಟೂಲಲ್ಲಿ ಕೂತು ನಿಮ್ಮ ಕಾರ್ಡು ಓದೋರು. ಹಾಲೇಶಪ್ಪ ಮೇಷ್ಟ್ರ ಕಾರ್ಡು ಅಂದ್ರೆ ಅವರಿಗೆ ಭಾರಿ ಆಸಕ್ತಿ."

ನನ್ನ ಸುಳ್ಳು ಕಾರ್ಡನ್ನೂ ಅವನು ಅಂಟಿಸಿದ್ದ. ಕಳ್ಳನನ್ನು ಹಿಡಿಯಲು ನಾನೇ ಹೊಂದಿಸಿ, ನಾನೇ ಪ್ರೂಫ್ ತೆಗೆಸಿ, ಊರೇ ನೋಡುವ ಗೋಡೆಗೆ ಹಾಕಿಸಿ, ಆಮೇಲೆ ಹೋಗಿ ಶೈಲಜಾಗೆ ಮಾತ್ರ ಗುಟ್ಟಾಗಿ ತೋರಿಸಿದ್ದೆ. ತಮ್ಮನ ಗೃಹಪ್ರವೇಶದ ಕಾರ್ಡನ್ನು ಹೇಗೆ ಹೊಂದಿಸಿದೆನೋ ತಿಳಿಯದು. ಅದರಲ್ಲಿ ತಾಯಿಯ ಕಡೆಯವರ ಹೆಸರೇ ಬಿಟ್ಟುಹೋಗಿ, ಅವರು ಈಗಲೂ ನಮ್ಮೊಡನೆ ಮಾತು ಬಿಟ್ಟಿದ್ದಾರೆ.

ಆರೇಳು ತಿಂಗಳು ಸುಮ್ಮನಿದ್ದೆ. ಹೋಗಿ ಹೇಳಬೇಕು ಎನ್ನಿಸುತ್ತಿತ್ತು. ಹೇಳಿದರೆ ಏನು ಪ್ರಯೋಜನ ಎಂದೂ ಅನ್ನಿಸುತ್ತಿತ್ತು. ಎರಡನೆಯದು ಬರೀ ಹೇಡಿತನ. ಕೊನೆಗೆ ಒಂದು ದಿನ ಬೆಳಿಗ್ಗೆ ಭದ್ರಾವತಿಯ ಬಸ್ಸು ಹತ್ತಿದೆ. ಶೈಲಜಾ ಓಲ್ಡ್ ಟೌನಿನಲ್ಲಿ ಒಂದು ಪಾತ್ರೆ ಅಂಗಡಿಯ ಮೇಲಿನ ಮಹಡಿಯಲ್ಲಿ ಟ್ಯೂಷನ್ ಮಾಡುತ್ತಿದ್ದರು. ಬೆಳಿಗ್ಗೆ ಒಂದು ಶಾಲೆ, ಆಮೇಲೆ ಟ್ಯೂಷನ್, ಸಂಜೆ ಮತ್ತೆ ಟ್ಯೂಷನ್. ನನ್ನನ್ನು ಕಂಡು ಎದ್ದು ನಿಂತರು. ಕುರ್ಚಿ ಹಾಕಿದರು. "ಟೀ ಕುಡೀತೀರಾ ಸಾರ್?" ಎಂದರು. ಇಷ್ಟು ಮರ್ಯಾದೆ ಯಾಕೆ ಮಾಡುತ್ತಿದ್ದಾರೆ ಎಂದು ನನ್ನ ಹಾಳು ಬುದ್ಧಿ ಆಗಲೂ ಒಂದು ಕ್ಷಣ ಯೋಚಿಸಿತು.

ಎಲ್ಲವನ್ನೂ ಹೇಳಿದೆ. ಗೋಡೆ, ನಾಗರಾಜ, ಸುಳ್ಳು ಕಾರ್ಡು, ಪ್ರಾಂಶುಪಾಲರಿಗೆ ನಾನು ಕೊಟ್ಟ ಅಭಿಪ್ರಾಯ.

"ಕಾರಿಡಾರಲ್ಲಿ ಫೋನ್ ಮಾಡ್ತಿದ್ರಲ್ಲ, ಅದಕ್ಕೇ ನನಗೆ..." ಎಂದು ತಡವರಿಸಿದೆ.

"ನಿಮ್ಮ ಮೀಟಿಂಗು ಯಾವತ್ತು ಹೇಳಿದ ಹೊತ್ತಿಗೆ ಮುಗೀತಿತ್ತು ಸಾರ್? ನನಗೆ ಬಸ್ ತಪ್ಪೋದು. ಅಮ್ಮಂಗೆ ಮೆಟ್ಟಿಲು ಇಳಿಯಕ್ಕಾಗಲ್ಲ. ಮಗಳನ್ನ ಸ್ಕೂಲಿಂದ ಕರ್ಕೊಂಡು ಬನ್ನಿ ಅಂತ ಪಕ್ಕದ ಮನೆಯೋರಿಗೆ ದಮ್ಮಯ್ಯ ಗುಡ್ಡೆ ಹಾಕ್ತಿದ್ದೆ. ನಿಮ್ಮ ಮುಂದೆ ಮಾಡಿದ್ರೆ ಮೀಟಿಂಗ್ ಬೇಡ ಅಂತಿದಾಳೆ ಅಂದ್ಕೋತೀರಿ ಅಂತ ದೂರ ಹೋಗ್ತಿದ್ದೆ."

"ನನ್ನಿಂದ ದೊಡ್ಡ ತಪ್ಪಾಯ್ತು ಕಣಮ್ಮ. ಕ್ಷಮಿಸು" ಎಂದೆ. ಅದುವರೆಗೆ ಮೇಡಂ ಅನ್ನುತ್ತಿದ್ದವನಿಗೆ ಅವತ್ತು ಬಾಯಿಗೆ ಬಂದದ್ದು ಹಾಗೆ.

"ಇಲ್ಲಿ ಬಂದು ಹೇಳಿದ್ರಿ, ದೊಡ್ಡ ಮನಸ್ಸು. ಆದ್ರೆ ಸಾರ್, ನನಗೆ ಗೊತ್ತಿರೋದನ್ನೇ ನನಗೆ ಹೇಳಿದಂಗಾಯ್ತು. ನಾನು ಹೇಳಿಲ್ಲ ಅಂತ ನನಗೆ ಅವತ್ತೇ ಗೊತ್ತಿತ್ತಲ್ಲ." ಟೀ ಲೋಟ ನನ್ನ ಮುಂದಿಟ್ಟು, "ನೀವು ಸ್ಟಾಫ್ ರೂಮಲ್ಲಿ ಹೇಳಿದ್ರಿ. ಇದನ್ನೂ ಅಲ್ಲೇ ಹೇಳ್ಬೇಕು" ಎಂದರು.

ಅವರು ಕೆಲಸ ಕೇಳಲಿಲ್ಲ. ಕೇಳಿದ್ದರೂ ಕೊಡಿಸುವ ಶಕ್ತಿ ನನಗಿರಲಿಲ್ಲ. ಕೇಳಿದ್ದು ಇದೊಂದನ್ನೇ. ಮಾರನೆಯ ವಾರ ಕಾಲೇಜಿಗೆ ಹೋದೆ. ಪ್ರಾಂಶುಪಾಲರು ಬದಲಾಗಿದ್ದರು. ಅವರ ಒಪ್ಪಿಗೆ ಪಡೆದು ಊಟದ ಹೊತ್ತಿಗೆ ಸರಿಯಾಗಿ ಸ್ಟಾಫ್ ರೂಮಿಗೆ ಹೋಗಿ ನಿಂತೆ. ಅದೇ ಮೇಜು, ಡಬ್ಬಿಗಳ ಅದೇ ಸದ್ದು. ನಡೆದದ್ದನ್ನೆಲ್ಲ ಹೇಳಿದೆ. "ಶೈಲಜಾ ಯಾರಿಗೂ ಏನೂ ಹೇಳಿರಲಿಲ್ಲ. ಗುಟ್ಟು ಬಿಟ್ಟುಕೊಟ್ಟವನು ನಾನು" ಎಂದು ಮುಗಿಸಿದೆ.

ಕೂತಿದ್ದವರೆಲ್ಲ ಎಳೆಯರು, ಹತ್ತು ತಿಂಗಳ ಆರ್ಡರಿನವರು. ನನ್ನ ಕಾಲದವರು ನಿವೃತ್ತರಾಗಿದ್ದರು ಅಥವಾ ಬೇರೆ ಕಡೆ ಹೋಗಿದ್ದರು. ಈ ಎಳೆಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಈ ಮುದುಕನನ್ನು ಯಾರು ಕಳಿಸಿದ್ದಾರೆ, ಇದರಲ್ಲಿ ನಮ್ಮಲ್ಲಿ ಯಾರಿಗೋ ಎಚ್ಚರಿಕೆ ಇದೆಯೇ ಎಂದು ಯೋಚಿಸುತ್ತಿದ್ದಾರೆಂಬುದು ನನಗೆ ಚೆನ್ನಾಗಿ ಗೊತ್ತಾಯಿತು. ಆ ನೋಟ ನನ್ನದೇ. ಕೊನೆಗೆ ಒಬ್ಬ ಹುಡುಗಿ ಮೆಲ್ಲಗೆ ಕೇಳಿದಳು:

"ಶೈಲಜಾ ಮೇಡಂ ಅಂದ್ರೆ ಯಾರು ಸಾರ್?"

ಹೊರಗೆ ಬಂದು ಶೈಲಜಾಗೆ ಫೋನ್ ಮಾಡಿದೆ. "ಹೇಳಿದೆ ಕಣಮ್ಮ, ಅದೇ ಮೇಜಿನ ಮುಂದೆ ನಿಂತು ಹೇಳಿದೆ" ಎಂದೆ.

"ಯಾರ್ಯಾರು ಇದ್ರು ಸಾರ್?"

ಗೊತ್ತಾದ ನಾಲ್ಕೈದು ಹೆಸರು ಹೇಳಿದೆ.

"ಇವರ್ಯಾರೂ ಅವತ್ತು ಇರ್ಲಿಲ್ಲ ಅಲ್ವಾ?"

"ಇಲ್ಲಮ್ಮ."

"ಅವತ್ತು ಇದ್ದೋರು ಇನ್ನೂ ಹಾಗೇ ಅಂದ್ಕೊಂಡಿದಾರೆ" ಎಂದರು. ಸಿಟ್ಟಿನಿಂದೇನೂ ಅಲ್ಲ. ಆಮೇಲೆ ಮಕ್ಕಳು ಬಂದರು, ಇಡುತ್ತೇನೆ ಎಂದರು.

ಅವತ್ತು ಆ ಕೋಣೆಯಲ್ಲಿ ಊಟಕ್ಕೆ ಕೂತಿದ್ದವರು ಹನ್ನೊಂದು ಜನ. ಹೆಸರು ನೆನಪು ಮಾಡಿಕೊಂಡು ಪಟ್ಟಿ ಬರೆದೆ. ಒಬ್ಬೊಬ್ಬರಿಗೇ ಫೋನ್ ಮಾಡುತ್ತಿದ್ದೇನೆ. ಏಳು ಜನ ಸಿಕ್ಕಿದ್ದಾರೆ. ಒಬ್ಬರು "ಈಗ್ಯಾಕೆ ಹೇಳ್ತಿದೀಯ ಹಾಲೇಶಪ್ಪ? ಆ ಯಮ್ಮ ಕೇಸ್ ಗೀಸ್ ಹಾಕಿದಾಳಾ?" ಎಂದು ಕೇಳಿದರು. ಇನ್ನೊಬ್ಬರು ನಕ್ಕರು. ಮೂವರ ನಂಬರು ಇನ್ನೂ ಸಿಕ್ಕಿಲ್ಲ, ಹುಡುಕುತ್ತಿದ್ದೇನೆ. ಉಳಿದ ಒಬ್ಬರು ಹೋದ ವರ್ಷ ತೀರಿಕೊಂಡರಂತೆ. ಹೋಗುವಾಗಲೂ ಅವರು ಶೈಲಜಾ ಹೇಳಿದ್ದೆಂದೇ ನಂಬಿಕೊಂಡು ಹೋಗಿರುತ್ತಾರೆ.